ಮಬ್ಬು ಬೆಳಕಿನ ಗಿರಾಕಿಗಳು

ಗೋವಿನಕೋವಿಯಲ್ಲಿ ಚಹಾ ತೆಳುವಾದರೆ ಅಂಗಡಿಯವನಿಗೆ ಅದು ಅಲ್ಲೇ, ನಾಲ್ಕು ಜನರ ಎದುರಿಗೇ ಗೊತ್ತಾಗುತ್ತದೆ. 'ಏನಪಾ, ಇವತ್ತು ಹೊಳೆಗೇ ಚಾಪುಡಿ ಹಾಕ್ಬಿಟ್ಟೀಯಾ?' ಎಂದು ಒಬ್ಬ ಶುರು ಮಾಡುತ್ತಾನೆ. ತುಂಗಭದ್ರೆ ಇಲ್ಲಿಯವರ ಬಾಯಲ್ಲಿ ಬರೀ ಹೊಳೆ. ಬೆಂಚಿನ ಮೇಲೆ ಪೇಪರ್ ಓದುತ್ತಿದ್ದವನು ತಲೆ ಎತ್ತದೆಯೇ, 'ಹಾಲಿನವ ಮುಳುಗೆದ್ದು ಬಂದಿರ್ಬೇಕು ಬಿಡ್ರಿ' ಎಂದು ಸೇರಿಸುತ್ತಾನೆ. ಅಂಗಡಿಯವನು ಗೊಣಗುತ್ತಲೇ ಇನ್ನೊಂದು ಲೋಟ ಕಾಸಿ ಕೊಡುತ್ತಾನೆ, ಅದಕ್ಕೆ ದುಡ್ಡು ಕೇಳುವುದಿಲ್ಲ. ಮಂಡಕ್ಕಿ ಮೆತ್ತಗಾದರೂ ಇದೇ ವಿಚಾರಣೆ, ಮಿರ್ಚಿ ಕರಿದ ಎಣ್ಣೆ ಹಳಸಲಾದರೂ ಇದೇ.

ಈ ವಿಚಾರಣೆಗಳಲ್ಲಿ ದೊಡ್ಡ ಗಂಟಲು ನನ್ನ ಹೆಂಡತಿಯ ತಮ್ಮನದು. ಕಂಡಕ್ಟರು ಚಿಲ್ಲರೆ ಮರೆತರೆ ಇಡೀ ಬಸ್ಸಿಗೆ ತಿಳಿಸುತ್ತಾನೆ. ಗೊಬ್ಬರದಂಗಡಿಯಲ್ಲಿ ಬಿಲ್ ಕೈಗೆ ಬರುವ ತನಕ ಚೀಲ ಎತ್ತುವುದಿಲ್ಲ. ಮದುವೆ ಪಂಕ್ತಿಯಲ್ಲಿ ಪಾಯಸ ಎರಡನೇ ಸಲ ಬರದೆ ಹೋದರೆ ಬೀಗರ ಹೆಸರು ಹಿಡಿದೇ ಕೂಗುವ ಆಸಾಮಿ. ಮೆಕ್ಕೆಜೋಳ ತೂಗಿಸಿ ದುಡ್ಡು ಎಣಿಸಿಕೊಂಡ ಸಂಜೆ, 'ಬರ್ರಿ ಭಾವ, ಇವತ್ತಿಂದು ನಂದು' ಎಂದ.

ಹತ್ತಿರ ಇರುವ ಬಾರನ್ನು ಬಿಟ್ಟು ಬಸ್ಸು ಹತ್ತಿದೆವು. ಹತ್ತಿರದಲ್ಲಿ ಗುರುತಿನವರು ಸಿಗುತ್ತಾರಲ್ಲ! ಕುಡಿಯುವವನ ಮರ್ಯಾದೆ ಕಿಲೋಮೀಟರಿನ ಲೆಕ್ಕದಲ್ಲಿ ಬೆಳೆಯುತ್ತದೆ. ಯಾವ ದಿಕ್ಕಿಗೆ ಹೋದೆವೆಂದು ಹೇಳುವುದಿಲ್ಲ. ಹೊನ್ನಾಳಿಯ ಕಡೆಗೋ ನ್ಯಾಮತಿಯ ಕಡೆಗೋ ಶಿವಮೊಗ್ಗದ ಕಡೆಗೋ, ಎತ್ತ ಹೋದರೂ ಅಂಥದ್ದೊಂದು ಸಿಗುತ್ತದೆ, ಎಲ್ಲವೂ ಒಂದೇ ತಾಯಿಯ ಮಕ್ಕಳು.

ರಸ್ತೆಯ ಕಡೆಗೆ ಕಬ್ಬಿಣದ ಜಾಲರಿ, ಅದರಲ್ಲಿ ಕೈ ಮಾತ್ರ ತೂರುವಷ್ಟು ಕಿಂಡಿ. ಅಲ್ಲಿ ನಿಂತು ಎಂಆರ್‌ಪಿ ಕೊಟ್ಟವರು ಪೊಟ್ಟಣ ಅಂಗಿಯೊಳಗೆ ಸೇರಿಸಿಕೊಂಡು ಹೊರಟುಬಿಡುತ್ತಾರೆ. ಕೂತು ಕುಡಿಯುವ ಗೌರವಸ್ಥರಿಗೆ ಪಕ್ಕದ ಗೇಟು. ಒಳಗೆ ಜಲ್ಲಿ ಹಾಸಿದ ಅಂಗಳ, ಅಡಿಕೆ ಮರಕ್ಕೆ ಸುತ್ತಿದ ಸೀರಿಯಲ್ ಲೈಟು, ಹಸಿರು ಶೇಡ್‌ನೆಟ್ಟು, ತಗಡಿನ ಮಾಡು. ಬೋರ್ಡಿನಲ್ಲಿ 'ಬಾರ್ ಅಂಡ್ ರೆಸ್ಟೋರೆಂಟ್', ಅದರ ಕೆಳಗೆ 'ವೈನ್ಸ್', ಇನ್ನೂ ಕೆಳಗೆ ಬಾಣದ ಗುರುತಿನ ಜೊತೆ 'ಫ್ಯಾಮಿಲಿ ಹಾಲ್'. ಬಾಣ ತೋರಿಸಿದ ಕಡೆ ಇಣುಕಿದೆ. ಖಾಲಿ ಕ್ರೇಟುಗಳು, ಕಾಲು ಮುರಿದ ಕುರ್ಚಿಗಳು, ಹುಡುಗರು ಮಲಗುವ ಎರಡು ಹಾಸಿಗೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಯಾರೂ ಬಂದಂತೆ ಕಾಣಲಿಲ್ಲ. ಹೆಂಗಸೊಬ್ಬಳು ತಾನಾಗಿ ಬಂದು ಒಂದು ಊಟ ಹೇಳಿದರೆ ಅವಳನ್ನು ಎಲ್ಲಿ ಕೂರಿಸುವುದೆಂದು ಮಾಲೀಕ ಯೋಚಿಸಿರಲಾರ.

ಒಳಗಿನ ಬೆಳಕನ್ನು ಬೇಕೆಂದೇ ಮಬ್ಬು ಮಾಡಿದ್ದಾರೆ. ಎದುರಿಗೆ ಕೂತವನ ಮುಖ ಅರ್ಧ ಮಾತ್ರ ಕಾಣಬೇಕು, ಪಕ್ಕದ ಟೇಬಲ್ಲಿನವನದು ಕಾಣಲೇಬಾರದು. ಟಿವಿಯಲ್ಲಿ ಸದ್ದಿಲ್ಲದ ಕ್ರಿಕೆಟ್ ಓಡುತ್ತಿತ್ತು. ಟೇಬಲ್ ಒರೆಸಲು ಬಂದ ಬಟ್ಟೆ ಅದಕ್ಕೆ ಮೊದಲು ಯಾವ ಯಾವ ಟೇಬಲ್ಲುಗಳ ಋಣ ಹೊತ್ತಿತ್ತೋ, ಒರೆಸಿದ ಮೇಲೆ ಮೊಣಕೈ ಅಂಟಿಕೊಂಡಿತು.

ಕೂತು ಎಷ್ಟೋ ಹೊತ್ತಾದ ಮೇಲೆ ಹುಡುಗ ಬಂದ. ಅಸ್ಸಾಮಿನವನಂತೆ, ಇಪ್ಪತ್ತು ತುಂಬಿರಲಿಕ್ಕಿಲ್ಲ. ಕ್ವಾರ್ಟರ್, ನೈಂಟಿ, ಸೋಡಾ, ಬಿಲ್ಲು, ಖಾಲಿ: ಈ ಐದರಲ್ಲಿ ಅವನ ಕನ್ನಡ ಮುಗಿಯುತ್ತದೆ, ಕೆಲಸಕ್ಕೆ ಅಷ್ಟು ಸಾಕು. ಲ್ಯಾಮಿನೇಟ್ ಮಾಡಿದ ಮೆನುವಿನಲ್ಲಿ ಉತ್ತರ ಭಾರತವೂ ಇತ್ತು, ಚೀನಾವೂ ಇತ್ತು. ಮೈದುನ ಒಂದೊಂದರ ಮೇಲೂ ಬೆರಳಿಟ್ಟ. ಹೊಳೆ ಮೀನು? ಖಾಲಿ. ನಾಟಿ ಕೋಳಿ? ಖಾಲಿ. ಜೋಳದ ರೊಟ್ಟಿ? ಹುಡುಗ ಮೆನುವನ್ನೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಗೋಬಿ, ಚಿಲ್ಲಿ ಚಿಕನ್, ಎಗ್ ಬುರ್ಜಿ ಇವೆ ಎಂದು ಸನ್ನೆಯಲ್ಲೇ ತಿಳಿಯಿತು.

ಬೋರ್ಡು ನಂಬಿ ನಾನು ವೈನ್ ಕೇಳಿದೆ. ಅವನು ಕ್ಯಾಷಿಯರನ್ನು ನೋಡಿದ, ಕ್ಯಾಷಿಯರ್ ನನ್ನನ್ನು ನೋಡಿದ. ಟ್ಯೂಬ್‌ಲೈಟಿನ ಕೆಳಗೆ ಕಾದು ಕೂತಿದ್ದ ಸಿಹಿ ಪೋರ್ಟ್ ವೈನಿನ ಬಾಟಲಿಯೊಂದು ಕೆಳಗಿಳಿಯಿತು. ಮುಚ್ಚಳದ ಧೂಳು ಅಂಗಿಯಲ್ಲೇ ಒರೆಸಿ, ನೀರಿನ ಗ್ಲಾಸಿಗೇ ಬಗ್ಗಿಸಿ, ಬಗಲಿಗೆ ಸೋಡಾ ಇಟ್ಟು ಹೋದ. ಜ್ವರದ ಟಾನಿಕ್ಕು ಹದವಾಗಿ ಬೆಚ್ಚಗಾಗಿತ್ತು.

ನಗು ಬಂತು, ಯಾಕೆಂದರೆ ಈ ರಾಜ್ಯಕ್ಕೆ ವೈನಿನ ವಿಷಯದಲ್ಲಿ ಒಂದು ನೀತಿಯೇ ಇದೆ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ಅದರ ಬೆನ್ನಿಗೆ ವೈನ್ ಮಂಡಳಿ ಬಂತು. ನಂದಿ ಬೆಟ್ಟದ ತಪ್ಪಲಿನ ವೈನು ಬೆಂಗಳೂರಿನ ಮೇಜುಗಳಿಗೆ ತಂಪಾಗಿಯೇ ತಲುಪುತ್ತದೆ. ಅದೇ 2007ರ ಜುಲೈ 1ರಂದು ಸಾರಾಯಿ ನಿಂತಿತು. ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿ ಕಚ್ಚಿ, ನಿಂತಲ್ಲೇ ಮುಗಿಸಿ, ಉಗಿದು ಹೋಗುತ್ತಿದ್ದ ಗಿರಾಕಿ ಆಮೇಲೆ ಬ್ರಾಂದಿ, ವಿಸ್ಕಿಯ ಕಡೆಗೆ ತಿರುಗಿದ. ಅವನ ಹಿಂದೆಯೇ ಸಾರಾಯಿ ಅಂಗಡಿಯ ಗತ್ತೂ ಬಂತೆಂದು ನನ್ನ ಗುಮಾನಿ. ಅಲ್ಲಿ ಗಿರಾಕಿಗೆ ಕುರ್ಚಿ ಇರಲಿಲ್ಲ. ಇಲ್ಲಿ ಕುರ್ಚಿ ಕೊಟ್ಟಿದ್ದಾರೆ, ಅದನ್ನೇ ದೊಡ್ಡ ಉಪಕಾರ ಎಂದುಕೊಂಡಿದ್ದಾರೆ.

ಗತ್ತಿಗೆ ಇನ್ನೊಂದು ಕಾರಣ ಕಾಗದದಲ್ಲಿದೆ. ಬಾಟಲಿ ಮಾರುವ ಸಿಎಲ್-2, ಕೂತು ಕುಡಿಯುವ ಸಿಎಲ್-9, ಈ ಎರಡು ಬಗೆಯ ಹೊಸ ಪರವಾನಗಿ ಕೊಡುವುದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿತು. ಇದ್ದವೇ ಕೈ ಬದಲಾಯಿಸುತ್ತ, ಬೆಲೆ ಏರಿಸಿಕೊಳ್ಳುತ್ತ ಬಂದವು. ಚಹಾದಂಗಡಿಯ ಎದುರು ನಾಳೆ ಇನ್ನೊಂದು ಚಹಾದಂಗಡಿ ಏಳಬಹುದು, ಆ ಭಯವೇ ಹಾಲನ್ನು ಗಟ್ಟಿಯಾಗಿ ಇಡುತ್ತದೆ. ಬಾರಿನವನಿಗೆ ಆ ಭಯ ಕಡಿಮೆ. ದುಡ್ಡು ಹುಟ್ಟುವುದು ಮುಂದಿನ ಕಿಂಡಿಯಲ್ಲಿ. ಅಡುಗೆಮನೆ, ಮೆನು, ಒರೆಸುವ ಬಟ್ಟೆ ಇವೆಲ್ಲ ಪರವಾನಗಿಯ ಮರ್ಯಾದೆಗೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದಾಗ, ಸಣ್ಣ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿದಾಗ, ಈ ಧಂದೆ ಒಮ್ಮೆ ಬೆವತಿತ್ತು. ಆಗ ಎಲ್ಲರೂ ಅಳೆದದ್ದು ರಸ್ತೆಗೂ ಬಾಗಿಲಿಗೂ ನಡುವಿನ ದೂರವನ್ನು. ಅಡುಗೆಮನೆಗೂ ಟೇಬಲ್ಲಿಗೂ ನಡುವಿನ ದೂರವನ್ನು ಯಾರೂ ಅಳೆಯಲಿಲ್ಲ.

ಆ ದೂರ ದಾಟಿ ಗೋಬಿ ಬಂತು. 2024ರ ಮಾರ್ಚಿನಲ್ಲಿ ಕೃತಕ ಬಣ್ಣ ನಿಷೇಧವಾದ ಮೇಲೆ ಗೋಬಿಯ ಕೆಂಪು ಇಳಿದಿದೆ. ಮೊದಲು ಬಣ್ಣ ಮುಚ್ಚಿಡುತ್ತಿದ್ದ ಸತ್ಯವೆಲ್ಲ ಈಗ ತಟ್ಟೆಯಲ್ಲಿ ಬಯಲಾಗಿ ಕೂತಿರುತ್ತದೆ: ಹೊರಗೆ ಹಿಟ್ಟು, ಒಳಗೆ ಹಿಟ್ಟು, ನಡುವೆ ಎಲ್ಲೋ ಒಂದು ಹೂವಿನ ನೆನಪು. ಚಿಲ್ಲಿ ಚಿಕನ್ ಮೇಲೆ ಬಿಸಿ, ನಡುವೆ ಫ್ರಿಜ್ಜು. ಕೊನೆಯ ಬಸ್ಸಿನ ಹೊತ್ತಾಗುತ್ತಿತ್ತು. ಅನ್ನ ಹೇಳಿ ಕಾದೆವು, ಮತ್ತೆ ಹೇಳಿ ಕಾದೆವು. ಹುಡುಗ ನಮ್ಮನ್ನು ದಾಟಿ ಹೋಗುವಾಗಲೆಲ್ಲ ಟಿವಿ ಕಡೆ ಮುಖ ತಿರುಗಿಸುವ ಕಲೆ ಕಲಿತಿದ್ದ. ಅವನನ್ನು ಬಯ್ಯಲು ಮನಸ್ಸಾಗಲಿಲ್ಲ. ಅಷ್ಟೂ ಟೇಬಲ್ಲಿಗೆ ಅವನೊಬ್ಬನೇ, ಬಂದವರೆಲ್ಲ ಅವನನ್ನು ಕರೆಯುವುದು 'ಏಯ್' ಎಂದೇ.

ಅನ್ನ ಬರಲಿಲ್ಲ, ಬಿಲ್ಲು ಬಂತು. ಸಿಗರೇಟು ಪ್ಯಾಕಿನ ಒಳಮೈಯಲ್ಲಿ ಬರೆದ ಅಂಕಿಗಳು, ಕೊನೆಗೊಂದು ಸುತ್ತು. ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ. ಮೈದುನ ಮೊಬೈಲಿನ ಬ್ಯಾಟರಿ ಹಾಕಿ ಓದಿದ. ಎರಡು ಸೋಡಾ ನಾಲ್ಕಾಗಿದ್ದವು. ಬಾರದ ಅನ್ನ ಲೆಕ್ಕದಲ್ಲಿ ಬಂದಿತ್ತು. ನೀರಿನ ಬಾಟಲಿಗೆ ಮೇಲಿನ ಬೆಲೆಗಿಂತ ಹೆಚ್ಚು ಹಾಕಿದ್ದರು. ಗೊಬ್ಬರದಂಗಡಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಬಾಗಿಲು ಹಾಕಿಸಿರುತ್ತಿದ್ದ.

'ಕೇಳೋ' ಎಂದೆ.

'ಬ್ಯಾಡ ಬಿಡ್ರಿ ಭಾವ. ಚಾದಂಗಡ್ಯಾಗೆ ಕೇಳಿದ್ರೆ ನ್ಯಾಯ ಕೇಳ್ದ ಅಂತಾರೆ. ಇಲ್ಲಿ ಕೇಳಿದ್ರೆ ಕುಡುದು ಗಲಾಟಿ ಮಾಡ್ದ ಅಂತಾರೆ.'

ಇಡೀ ವ್ಯಾಪಾರ ನಿಂತಿರುವ ಕಂಬವನ್ನು ಅವನು ಒಂದೇ ಮಾತಿನಲ್ಲಿ ಮುಟ್ಟಿ ತೋರಿಸಿದ್ದ. ಎರಡು ಗುಟುಕು ಇಳಿಸಿದವನ ಸಾಕ್ಷಿ ಊರಲ್ಲಿ ನಡೆಯುವುದಿಲ್ಲ. ಸೋಡಾ ಎಷ್ಟು ಎಂದು ಎಣಿಸಿದರೂ 'ಏರಿದೆ, ಅದಕ್ಕೇ ಎಣಿಸ್ತಿದಾನೆ' ಎಂದು ನಗುತ್ತಾರೆ. ಮಬ್ಬು ಬೆಳಕು ಯಾರ ಮುಖ ಮುಚ್ಚಲು ಹಾಕಿದ್ದೋ, ಅವರ ಬಾಯನ್ನೂ ಮುಚ್ಚಿಸುತ್ತದೆ.

ಕಾನೂನು ಹಾಗೆ ಹೇಳುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ದುಡ್ಡು ಕೊಟ್ಟವನು ಗ್ರಾಹಕ, ಗ್ಲಾಸಿನಲ್ಲಿ ಏನಿತ್ತು ಎಂದು ಅದು ಕೇಳುವುದಿಲ್ಲ. ದಾವಣಗೆರೆಯಲ್ಲಿ ಜಿಲ್ಲಾ ಆಯೋಗವಿದೆ, ಐದು ಲಕ್ಷ ರೂಪಾಯಿವರೆಗಿನ ವ್ಯಾಜ್ಯಕ್ಕೆ ಅಲ್ಲಿ ಶುಲ್ಕವೇ ಇಲ್ಲ, 1915ಕ್ಕೆ ಫೋನ್ ಮಾಡಿಯೂ ದೂರು ಹೇಳಬಹುದು. ನೀರಿನ ಬಾಟಲಿಯ ವಿಷಯದಲ್ಲಿ ಮಾತ್ರ ನಮ್ಮ ಕೈ ಕಟ್ಟಿದೆ. ಹೋಟೆಲು, ರೆಸ್ಟೋರೆಂಟುಗಳು ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಜನ ಅಲ್ಲಿಗೆ ಬರುವುದು ಬರೀ ನೀರು ಕೊಳ್ಳಲಿಕ್ಕಲ್ಲ, ಅಲ್ಲಿಯ ವಾತಾವರಣದ ಸುಖಕ್ಕೆ ಎಂಬುದು ಅದರ ಹಿಂದಿನ ತರ್ಕ. ಮೊಣಕೈಯನ್ನು ಟೇಬಲ್ಲಿನಿಂದ ಬಿಡಿಸಿಕೊಳ್ಳುತ್ತ ಮೈದುನನಿಗೆ ಇದನ್ನು ವಿವರಿಸಿದೆ. 'ವಾತಾವರಣ' ಎಂದು ಅವನು ತಗಡಿನ ಮಾಡು ನೋಡಿದ.

'ದಾವಣಗೆರೆಗೆ ಹೋಗ್ಬೋದಿತ್ತು' ಎಂದೆ.

'ಹೋಗಿ? ನೋಟಿಸು ಮನಿಗೆ ಬರ್ತತಿ, ನಿಮ್ಮ ತಂಗಿ ಬಿಡಿಸಿ ಓದ್ತಾಳೆ.' ಅವನ ಹೆಂಡತಿ ನನಗೆ ವರಸೆಯಲ್ಲಿ ತಂಗಿ. ಅವಳ ಲೆಕ್ಕದಲ್ಲಿ ನಾವಿಬ್ಬರೂ ಅಂದು ಕೊಳವೆಬಾವಿಯ ಮೋಟರು ನೋಡಲು ಹೋಗಿದ್ದೆವು.

ಸೋಂಪಿನ ತಟ್ಟೆಗೆ ನೋಟು ಇಟ್ಟು ಎದ್ದೆವು. ಚಿಲ್ಲರೆ ಬರುವುದನ್ನು ಕಾದರೆ ಬಸ್ಸು ಹೋಗುತ್ತಿತ್ತು, ಹುಡುಗನಿಗೂ ಅದು ಗೊತ್ತಿತ್ತು. ಬಾಗಿಲಲ್ಲಿ ಕ್ಯಾಷಿಯರ್ ತಲೆ ಎತ್ತಿದ. ಅಷ್ಟು ಹೊತ್ತಿನಲ್ಲಿ ಆ ಜಾಗದಿಂದ ನಮಗೆ ಬಂದ ಮೊದಲ ವಿಚಾರಣೆ ಅದು.

'ಹೆಂಗಿತ್ತಣ್ಣ ಊಟ?'

ಮೈದುನ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡ. 'ಚಲೋ ಇತ್ತಪಾ' ಎಂದ. 'ಬರ್ತೀವಿ.'