ರಾಸಿನ ವಯಸ್ಸು ಮತ್ತು ರಕ್ತದ ಲೆಕ್ಕ



ಗಾಣಗಾಪುರದ ಸುತ್ತ ಭೀಮಾ, ಅಮರಜಾ ನದಿಗಳ ದಂಡೆಯ ಹಳ್ಳಿಗಳಿರಲಿ, ಬೇರೆ ಊರಿರಲಿ, ಐದಾರು ಸೂಲು ಕಂಡ ಆಕಳು ಸೊರಗಿ ಹಾಲು ಇಳಿಸಿದರೆ "ವಯಸ್ಸಾಯ್ತು, ಇನ್ನೇನು" ಎಂದು ಸುಮ್ಮನಾಗುವುದುಂಟು. ವಯಸ್ಸಿಗೆ ತಕ್ಕಂತೆ ರಾಸಿನ ರಕ್ತದ ಲೆಕ್ಕ ಬದಲಾಗುವುದು ನಿಜ. ಆದರೆ ಯಾವುದು ಸಹಜ ಬದಲಾವಣೆ, ಯಾವುದು ರೋಗ ಎಂದು ತಿಳಿಯದಿದ್ದರೆ ಬದುಕಬಹುದಾದ ಆಕಳನ್ನು ಕಳೆದುಕೊಳ್ಳುತ್ತೇವೆ.

ಪರೀಕ್ಷೆಯಲ್ಲಿ ಏನು ನೋಡುತ್ತಾರೆ?

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಬೆಳೆದ ಆಕಳಲ್ಲಿ 100 ಮಿಲಿಲೀಟರ್ ರಕ್ತಕ್ಕೆ 8ರಿಂದ 15 ಗ್ರಾಂ ಇರುತ್ತದೆ. ಕೆಂಪು ಕಣಗಳು ಒಂದು ಘನ ಮಿಲಿಮೀಟರಿಗೆ 50 ಲಕ್ಷದಿಂದ 1 ಕೋಟಿ. ಒಟ್ಟು ರಕ್ತದಲ್ಲಿ ಈ ಕಣಗಳ ಪಾಲು ಶೇ. 24ರಿಂದ 46. ವರದಿಯಲ್ಲಿ ಇದನ್ನು ಪಿ.ಸಿ.ವಿ. ಎಂದು ಬರೆದಿರುತ್ತಾರೆ.

ವಯಸ್ಸಿನಿಂದ ಏನಾಗುತ್ತದೆ?

ಕರುವಿನಲ್ಲಿ ಕೆಂಪು ಕಣಗಳ ಎಣಿಕೆ ಹೆಚ್ಚು, ಗಾತ್ರ ಸಣ್ಣದು. ರಾಸು ಬೆಳೆದಂತೆ ಎಣಿಕೆ ಇಳಿಯುತ್ತದೆ, ಕಣದ ಗಾತ್ರ ಹಿಗ್ಗುತ್ತದೆ. ನಮ್ಮ ಸಂಘದ ಕ್ಯಾನುಗಳನ್ನೇ ನೆನೆಯಿರಿ. 20 ಲೀಟರಿನ ನಾಲ್ಕು ಕ್ಯಾನಿನ ಬದಲು 40 ಲೀಟರಿನ ಎರಡು ಕ್ಯಾನು ತುಂಬಿದರೆ ಕ್ಯಾನು ಅರ್ಧವಾಯಿತು, ಹಾಲು 80 ಲೀಟರೇ ಉಳಿಯಿತು. ಹಾಗೆಯೇ ವಯಸ್ಸಾದ ಆಕಳಲ್ಲಿ ಕಣಗಳ ಎಣಿಕೆ ತುಸು ಕಡಿಮೆ ಬಂದರೂ ಹಿಮೋಗ್ಲೋಬಿನ್ ಮತ್ತು ಪಿ.ಸಿ.ವಿ. ಹೆಚ್ಚು ಕುಸಿಯಬಾರದು. ಇವೂ ಕುಸಿದಿದ್ದರೆ ಅದು ವಯಸ್ಸಲ್ಲ, ರೋಗ.

ಕರುವಿನ ವಿಷಯ

ಗಿಣ್ಣದ ಹಾಲು ಕುಡಿದ ಮೇಲೆ ಕರುವಿನ ರಕ್ತದಲ್ಲಿ ನೀರಿನಂಶ ಹೆಚ್ಚಿ ಪಿ.ಸಿ.ವಿ. ಸ್ವಲ್ಪ ಇಳಿಯುತ್ತದೆ. ಇದು ಸಹಜ. ಆದರೆ ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ತಿಂಗಳುಗಟ್ಟಲೆ ಬರೀ ಹಾಲಿನ ಮೇಲೆ ಬೆಳೆಸಿದ ಕರುವಿಗೆ ರಕ್ತಹೀನತೆ ಬರುತ್ತದೆ. ಎರಡನೆಯ ವಾರದಿಂದಲೇ ಕರುವಿನ ಆಹಾರ, ಎಳೆ ಹಸಿರು ಮೇವು ರೂಢಿ ಮಾಡಿಸಿರಿ. ರಕ್ತ ಹೀರುವ ಜಂತುಹುಳುಗಳಿಗೆ ವೈದ್ಯರು ಹೇಳಿದ ವೇಳೆಗೆ ಔಷಧ ಹಾಕಿಸಿರಿ.

ಬೆಳೆದ ಆಕಳಿಗೇ ಅಪಾಯ ಹೆಚ್ಚು

ಉಣ್ಣೆಗಳಿಂದ ಹರಡುವ ಅನಾಪ್ಲಾಸ್ಮಾ ರೋಗ ಒಂದು ವರ್ಷದೊಳಗಿನ ಕರುಗಳಿಗೆ ಸಾಮಾನ್ಯವಾಗಿ ಸೌಮ್ಯವಾಗಿ ಬಂದು ಹೋಗುತ್ತದೆ. ಮೂರು ವರ್ಷ ದಾಟಿದ ರಾಸಿಗೆ ಅದೇ ರೋಗ ಪ್ರಾಣಾಂತಿಕವಾಗಬಹುದು. ಜ್ವರ ಬರುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿ ಆಮೇಲೆ ಹಳದಿಯಾಗುತ್ತದೆ. ಮೂತ್ರ ಕೆಂಪಗಾಗುವುದಿಲ್ಲ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಬಬೇಸಿಯಾ ಇರಬಹುದು. ಮಿಶ್ರತಳಿ ರಾಸಿಗೆ ಜ್ವರದ ಜೊತೆ ಭುಜದ ಮುಂದಿನ ಗಂಟು ಊದಿದರೆ ಥೈಲೇರಿಯಾ ಶಂಕಿಸಬೇಕು. ಮೂರಕ್ಕೂ ಔಷಧವುಂಟು, ತಡ ಮಾಡಬಾರದು.

ನೀವು ಮಾಡಬೇಕಾದದ್ದು

1. ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿರಿ. ಒಳಗೆ ಗುಲಾಬಿ ಬಣ್ಣ ಇರಬೇಕು.

2. ರೆಪ್ಪೆ ಬಿಳಿಚಿದ ರಾಸನ್ನು ಬಿಸಿಲಿನಲ್ಲಿ ಆಸ್ಪತ್ರೆಗೆ ನಡೆಸಿಕೊಂಡು ಹೋಗಬೇಡಿರಿ. ರಕ್ತ ಕಡಿಮೆಯಾದ ಆಕಳು ದಣಿದರೆ ದಾರಿಯಲ್ಲೇ ಬೀಳಬಹುದು. ನೆರಳಿನಲ್ಲಿ ಕಟ್ಟಿ ವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.

3. ರಕ್ತ ತೆಗೆಯುವಾಗ ರಾಸು ಬೆದರದಂತೆ ನೋಡಿಕೊಳ್ಳಿರಿ. ಬೆದರಿದರೆ ಗುಲ್ಮದಲ್ಲಿ ಕೂಡಿಟ್ಟ ಕಣಗಳು ರಕ್ತಕ್ಕೆ ಬಂದು ಲೆಕ್ಕ ಹೆಚ್ಚಾಗಿ ಕಾಣುತ್ತದೆ.

4. ವಯಸ್ಸು, ತಳಿ, ಎಷ್ಟನೇ ಸೂಲು, ಗಬ್ಬವೇ, ಕರು ಹಾಕಿ ಎಷ್ಟು ದಿನ ಎಂಬುದನ್ನು ತಪ್ಪದೆ ಹೇಳಿರಿ. ಮನುಷ್ಯರ ರಕ್ತ ಪರೀಕ್ಷಿಸುವ ಕಡೆ ಆಕಳ ರಕ್ತ ಕೊಡಬೇಡಿರಿ. ಆಕಳ ಕಣಗಳು ಮನುಷ್ಯರ ಕಣಗಳ ಅರ್ಧದಷ್ಟೇ ದೊಡ್ಡವು, ಅಲ್ಲಿನ ಯಂತ್ರದ ಎಣಿಕೆ ತಪ್ಪಬಹುದು.

5. ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮುಚ್ಚಿರಿ, ಉಣ್ಣೆಗಳು ಅಲ್ಲೇ ಅಡಗಿರುತ್ತವೆ.

ಕೆಂಪು ಕಣದ ಆಯುಷ್ಯ ಸುಮಾರು ಐದು ತಿಂಗಳು. ಆದ್ದರಿಂದ ಗುಣವಾದ ಆಕಳು ಮರುದಿನವೇ ಮೊದಲಿನಷ್ಟು ಹಾಲು ಕೊಡಲಿ ಎಂದು ಬಯಸಬೇಡಿರಿ. ಹೊಸ ರಕ್ತ ತುಂಬಲು ವಾರಗಳು ಬೇಕು. ಅಲ್ಲಿಯವರೆಗೆ ಒಳ್ಳೆಯ ಮೇವು, ಖನಿಜ ಮಿಶ್ರಣ ಕೊಡಿರಿ.

ಸಂಘದಲ್ಲಿ ಎರಡೂ ಹೊತ್ತು ಹಾಲಿನ ಲೆಕ್ಕ ಬರೆಸುತ್ತೀರಿ. ಪ್ರತಿ ರಾಸು ಹುಟ್ಟಿದ ತಿಂಗಳನ್ನೂ ಕರು ಹಾಕಿದ ದಿನವನ್ನೂ ಮನೆಯಲ್ಲಿ ಬರೆದಿಡಿರಿ. ಸಂತೆಯಲ್ಲಿ ಕೊಂಡ ರಾಸಾದರೆ ಹಲ್ಲು ನೋಡಿ ಅಂದಾಜು ವಯಸ್ಸು ಬರೆಯಿರಿ. ವೈದ್ಯರು ವರದಿ ಓದುವಾಗ ಆ ಒಂದು ಸಾಲು ನಿಮ್ಮ ಆಕಳನ್ನು ಉಳಿಸಬಹುದು.