ಆಸ್ಪತ್ರೆಯಲ್ಲಿ ಎಡವಟ್ಟಾಯ್ತಾ? ಗಲಾಟೆಗೆ ಮೊದಲು ಫೈಲ್ ಕೈಗೆ ತಗೊಳ್ಳಿ

ಆಪರೇಷನ್ ಆದ ಮೇಲೆ ರೋಗಿಗೆ ಹುಷಾರಾಗಲಿಲ್ಲ, ಇಲ್ಲವೇ ಜೀವವೇ ಹೋಯ್ತು. ಸಂಬಂಧಿಕರು ಆಸ್ಪತ್ರೆ ಮುಂದೆ ಸೇರ್ತಾರೆ. ಕೂಗಾಟ, ತಳ್ಳಾಟ, ಕೊನೆಗೆ ಗಾಜು ಪುಡಿಪುಡಿ. ಎರಡು ದಿನ ಊರೆಲ್ಲ ಅದೇ ಮಾತು. ಮೂರನೇ ದಿನ ನೋಡಿದ್ರೆ ಕುಟುಂಬದ ಕೈಲಿ ಒಂದು ಕಾಗದವೂ ಇಲ್ಲ, ಕೇಸು ಮಾತ್ರ ಗಾಜು ಒಡೆದವರ ಮೇಲೆ. ವೈದ್ಯರು, ಸಿಬ್ಬಂದಿ ಮೇಲಿನ ಹಲ್ಲೆ ತಡೆಗೆ ಕರ್ನಾಟಕದಲ್ಲಿ 2009ರ ಕಾಯ್ದೆಯಿದ್ದು, ಅದರಡಿ ಹಲ್ಲೆ ಜಾಮೀನುರಹಿತ ಅಪರಾಧ.

ಹಾಗಾದ್ರೆ ರೋಗಿ ಕಡೆಯವರಿಗೆ ದಾರಿಯೇ ಇಲ್ವಾ? ಖಂಡಿತ ಇದೆ. ಅದು ಆಸ್ಪತ್ರೆ ಬಾಗಿಲಲ್ಲಲ್ಲ, ಕಾಗದಪತ್ರದಲ್ಲಿ ಶುರುವಾಗುತ್ತೆ.

ಯಾವುದು ನಿರ್ಲಕ್ಷ್ಯ, ಯಾವುದು ಅಲ್ಲ?

ಕಾಯಿಲೆ ವಾಸಿಯಾಗಲಿಲ್ಲ ಅಂದ ಮಾತ್ರಕ್ಕೆ ಡಾಕ್ಟರ್ ತಪ್ಪು ಅಂತ ಕೋರ್ಟು ಒಪ್ಪುವುದಿಲ್ಲ. ಅದೇ ವಿಭಾಗದ ಒಬ್ಬ ಸಾಧಾರಣ ವೈದ್ಯರು ವಹಿಸಬೇಕಾದ ಎಚ್ಚರಿಕೆಯನ್ನು ಇವರು ವಹಿಸಿದ್ರಾ, ಅದು ತಪ್ಪಿದ್ದರಿಂದಲೇ ರೋಗಿಗೆ ಹಾನಿಯಾಯ್ತಾ ಅನ್ನೋದೇ ಪ್ರಶ್ನೆ. ಔಷಧದ ಗೊತ್ತಿರುವ ಅಡ್ಡಪರಿಣಾಮ ನಿರ್ಲಕ್ಷ್ಯವಲ್ಲ. ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿಗೆ ಹಾಕಿದ್ರೆ ಅದು ನಿರ್ಲಕ್ಷ್ಯವೇ.

ನರ್ಸ್ ಮಾಡಿದ ತಪ್ಪಿಗೂ ಆಸ್ಪತ್ರೆಯೇ ಹೊಣೆ. ದೆಹಲಿಯಲ್ಲಿ ಮಗುವೊಂದಕ್ಕೆ ನರ್ಸ್ ತಪ್ಪು ಇಂಜೆಕ್ಷನ್ ಕೊಟ್ಟ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಮಗುವಿಗೆ 12.5 ಲಕ್ಷ, ತಂದೆ-ತಾಯಿಗೆ ಪ್ರತ್ಯೇಕವಾಗಿ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿದಿತ್ತು.

ಸಹಿ ಹಾಕಿಸಿಕೊಂಡ್ರೆ ಮುಗೀತಾ?

ಮುಗಿಯಲ್ಲ. ಯಾವ ಚಿಕಿತ್ಸೆ, ಏನು ಅಪಾಯ, ಬೇರೆ ದಾರಿ ಇದೆಯಾ ಅನ್ನೋದನ್ನು ರೋಗಿಗೆ ಅರ್ಥವಾಗುವ ಹಾಗೆ ಹೇಳಿ ಒಪ್ಪಿಗೆ ಪಡೆಯಬೇಕು. ತಪಾಸಣೆಗೆಂದು ಒಪ್ಪಿಗೆ ಕೊಟ್ಟ ಮಹಿಳೆಯ ಗರ್ಭಕೋಶವನ್ನೇ ತೆಗೆದ ಪ್ರಕರಣದಲ್ಲಿ, ತಪಾಸಣೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆಯಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವಕ್ಕೇ ಅಪಾಯವಿರುವ ತುರ್ತು ಸಂದರ್ಭಕ್ಕೆ ಮಾತ್ರ ವಿನಾಯಿತಿ.

ಮೊದಲ ಕೆಲಸ: ದಾಖಲೆ ಕೇಳಿ

ಅಂಗಡಿ ನಡೆಸೋರಿಗೆ ಬಿಲ್ಲಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ಇಲ್ಲೂ ಅಷ್ಟೇ. ಕೇಸ್ ಶೀಟ್, ಆಪರೇಷನ್ ವಿವರ, ಒಪ್ಪಿಗೆ ಪತ್ರ, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿಗಳ ಪ್ರತಿ ಬೇಕೆಂದು ಬಿಳಿ ಹಾಳೆಯಲ್ಲಿ ಬರೆದು ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. 2002ರ ವೈದ್ಯಕೀಯ ಮಂಡಳಿ ನಿಯಮದಂತೆ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು. ತಡ ಮಾಡಿದಷ್ಟೂ ಕಷ್ಟ.

ಮೆಡಿಕಲ್ ಶಾಪಿನ ಬಿಲ್, ಮಾತ್ರೆ ಚೀಟಿ ಯಾವುದನ್ನೂ ಎಸೆಯಬೇಡಿ. ಸಾವಿನ ಬಗ್ಗೆ ಅನುಮಾನವಿದ್ರೆ ಮರಣೋತ್ತರ ಪರೀಕ್ಷೆ ಮಾಡಿಸಿ. ದುಃಖದಲ್ಲಿ ಅದು ಬೇಡ ಅನ್ನಿಸೋದು ಸಹಜ. ಆದ್ರೆ ಅಂತ್ಯಕ್ರಿಯೆ ಮುಗಿದ ಮೇಲೆ ಸಾವಿನ ಕಾರಣ ಸಾಬೀತು ಮಾಡೋದು ತೀರಾ ಕಷ್ಟ.

ಎಲ್ಲಿ ದೂರು ಕೊಡಬೇಕು?

*ಪರಿಹಾರದ ಹಣ ಬೇಕಿದ್ರೆ* ಜಿಲ್ಲಾ ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯ ಸೇವೆ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ವಿಮಾ ಕಂಪನಿ ಅಥವಾ ಕೆಲಸ ಕೊಟ್ಟ ಮಾಲೀಕರು ಹಣ ಕಟ್ಟಿದ್ರೂ ರೋಗಿ ಗ್ರಾಹಕನೇ. ಇಎಸ್‌ಐ ಆಸ್ಪತ್ರೆಗೂ ಇದು ಅನ್ವಯ. ಆಸ್ಪತ್ರೆ ಬೆಂಗಳೂರಲ್ಲೋ ಮಣಿಪಾಲದಲ್ಲೋ ಇದ್ರೂ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು.

ಆಸ್ಪತ್ರೆಗೆ ಕಟ್ಟಿದ ಮೊತ್ತ 50 ಲಕ್ಷದೊಳಗಿದ್ರೆ ಕೇಸು ಜಿಲ್ಲಾ ಆಯೋಗಕ್ಕೇ ಬರುತ್ತೆ. 5 ಲಕ್ಷದವರೆಗೆ ದೂರಿಗೆ ಶುಲ್ಕವಿಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ, ಆದ್ರೆ ವೈದ್ಯಕೀಯ ಕೇಸಿನಲ್ಲಿ ಇದ್ರೆ ಒಳ್ಳೇದು. ದೂರು ಹಾಕಲು 2 ವರ್ಷ ಮಾತ್ರ ಅವಕಾಶ. "ನೋಡೋಣ, ಮಾತಾಡಿ ಬಗೆಹರಿಸೋಣ" ಅಂತ ದಿನ ತಳ್ಳಿ ಗಡುವು ಮೀರಿಸಿಕೊಳ್ಳಬೇಡಿ.

*ಡಾಕ್ಟರ್ ಮೇಲೆ ಶಿಸ್ತು ಕ್ರಮ ಬೇಕಿದ್ರೆ* ಕರ್ನಾಟಕ ವೈದ್ಯಕೀಯ ಪರಿಷತ್ತು. ಎಚ್ಚರಿಕೆ ಕೊಡುವುದು, ನೋಂದಣಿ ಅಮಾನತು ಮಾಡುವುದು ಅದರ ಅಧಿಕಾರ. ಪರಿಹಾರದ ಹಣ ಅಲ್ಲಿ ಸಿಗಲ್ಲ.

*ಖಾಸಗಿ ಆಸ್ಪತ್ರೆಯ ವ್ಯವಸ್ಥೆ ಬಗ್ಗೆ ತಕರಾರಿದ್ರೆ* ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ಡಿಎಚ್‌ಒ ಕಚೇರಿಯಲ್ಲಿ ವಿಚಾರಿಸಿ. ದರಪಟ್ಟಿ ಹಾಕದಿರೋದು, ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸೋದು ಇಲ್ಲಿಗೆ ಬರುತ್ತೆ. ಬಿಲ್ ಬಾಕಿ ಇದೆ ಅಂತ ಮೃತದೇಹ ಹಿಡಿದಿಟ್ಟುಕೊಳ್ಳುವಂತಿಲ್ಲ. ತುರ್ತು ಚಿಕಿತ್ಸೆಗೆ "ಮೊದಲು ಅಡ್ವಾನ್ಸ್ ಕಟ್ಟಿ" ಅನ್ನುವಂತೆಯೂ ಇಲ್ಲ.

*ಪೊಲೀಸ್ ಕೇಸು* ಕೊನೆಯ, ಕಠಿಣ ದಾರಿ. ಸಾಮಾನ್ಯ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಇರಬೇಕು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವಿಭಾಗದ ಬೇರೆ ವೈದ್ಯರ ಅಭಿಪ್ರಾಯ ಪಡೆಯದೆ ಪೊಲೀಸರು ಮುಂದುವರಿಯುವಂತಿಲ್ಲ. ನಿರ್ಲಕ್ಷ್ಯದಿಂದ ಸಾವಾದ್ರೆ, ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ ಜೈಲು ಮತ್ತು ದಂಡ.

ಸರ್ಕಾರಿ ಆಸ್ಪತ್ರೆಯಾದ್ರೆ?

ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಕೊಟ್ಟರೆ, ಉಚಿತವಾಗಿ ಪಡೆದವರೂ ದೂರು ಕೊಡಬಹುದು. ಪೂರ್ತಿ ಉಚಿತವಿದ್ದಲ್ಲಿ ಸಿವಿಲ್ ಕೋರ್ಟಿನ ದಾರಿ ಇದ್ದೇ ಇದೆ. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಆಪರೇಷನ್ ವೇಳೆ ಹೊಟ್ಟೆಯಲ್ಲಿ ಬಟ್ಟೆ ಉಳಿದು ಮಹಿಳೆ ತೀರಿಕೊಂಡಿದ್ದರು. ಅದಕ್ಕೆ ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. 33 ವರ್ಷ! ನ್ಯಾಯ ಸಿಕ್ಕಿತು, ಆದ್ರೆ ತಡವಾಗಿ. ಕೇಸಿಗೆ ಇಳಿಯೋರು ಈ ಲೆಕ್ಕವನ್ನೂ ಮನಸ್ಸಲ್ಲಿಟ್ಟುಕೊಳ್ಳಬೇಕು.

ವಕೀಲರಿಗೆ ದುಡ್ಡಿಲ್ಲ ಅನ್ನೋರಿಗೆ

ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಉಚಿತ ವಕೀಲರು ಸಿಗ್ತಾರೆ. ಸಹಾಯವಾಣಿ 15100. ಗ್ರಾಹಕ ದೂರಿನ ಮಾಹಿತಿಗೆ 1915.

ಹೆಚ್ಚಿನ ಡಾಕ್ಟರುಗಳು ಕಷ್ಟಪಟ್ಟು ಕೆಲಸ ಮಾಡೋರೇ. ಅದಕ್ಕೇ ಪ್ರಶ್ನೆಯನ್ನು ಮೊದಲೇ ಕೇಳೋದು ಇಬ್ಬರಿಗೂ ಒಳ್ಳೇದು. ಯಾವ ಔಷಧಿ ಅಲರ್ಜಿ ಅಂತ ತಪ್ಪದೆ ಹೇಳಿ. ಸಹಿ ಹಾಕೋ ಮುಂಚೆ "ಇದರಲ್ಲಿ ಏನು ಬರೆದಿದೆ, ಕನ್ನಡದಲ್ಲಿ ಹೇಳಿ ಸರ್" ಅನ್ನಿ. ಅದು ಅಹಂಕಾರದ ಮಾತಲ್ಲ, ರೋಗಿಯ ಹಕ್ಕು.