ಅಂಕಿ ನೋಡುವ ಮೊದಲು ಹಲಗೆ ಅಳೆಯಿರಿ

ಗುಬ್ಬಿ ತಾಲ್ಲೂಕಿನ ಚೇಳೂರು ಎಂದೊಡನೆ ನೆನಪಾಗುವುದು ಹಲಸು. ಕೆಂಪು ತೊಳೆಯ ‘ಸಿದ್ದು’ ತಳಿ ಹೊರಬಂದದ್ದು ಈ ಸೀಮೆಯ ತೋಟದಿಂದಲೇ. ಹಣ್ಣು ಮುಗಿದ ಮೇಲೂ ಹಲಸು ಮನೆ ಬಿಟ್ಟು ಹೋಗುವುದಿಲ್ಲ. ಗಾಳಿಮಳೆಗೆ ಉರುಳಿದ ಮರ ಸಾಮಿಲ್ಲಿಗೆ ಹೋಗಿ, ಹಲಗೆಯಾಗಿ ಬಂದು, ಅಟ್ಟದ ಮೇಲೆ ಒಣಗುತ್ತದೆ. ಕೊಯ್ದಾಗ ಅರಿಶಿನದ ಬಣ್ಣ, ಬೆಳಕಿಗೆ ಬಿದ್ದು ವರ್ಷಗಳು ಕಳೆದಂತೆ ಕಂದು. ಬಾಗಿಲ ಚೌಕಟ್ಟು, ಊಟದ ಮಣೆ, ವೀಣೆಯ ಕೊಡ ಎಲ್ಲಕ್ಕೂ ಒದಗುವ ಮರ ಅದು.

ಅಟ್ಟದ ಆ ಹಲಗೆಯನ್ನು ಇಳಿಸಿ, ತಾವೇ ಒಂದು ಬೆಂಚೋ ಪುಸ್ತಕದ ಕಪಾಟೋ ಮಾಡೋಣ ಎನ್ನುವವರು ಈಗ ಬ್ಯಾಟರಿಯಲ್ಲಿ ಓಡುವ ಸರ್ಕ್ಯುಲರ್ ಸಾ ಹುಡುಕಿಕೊಂಡು ತುಮಕೂರಿಗೆ ಹೋಗುತ್ತಾರೆ. ಅಂಗಳದವರೆಗೆ ವೈರ್ ಎಳೆಯುವ ಕಾಟವಿಲ್ಲ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಆದರೆ ಈ ಬ್ಯಾಟರಿ ಗರಗಸದ ಬಗ್ಗೆ ಬಾಯಿಂದ ಬಾಯಿಗೆ ಹರಿದಾಡುವ ಮಾತುಗಳಲ್ಲಿ ಕೆಲವು ದುಡ್ಡು ಹಾಳು ಮಾಡುತ್ತವೆ, ಕೆಲವು ಬೆರಳನ್ನೇ ತೆಗೆಯುತ್ತವೆ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿದರೆ ಸಾಕು, ಬೇರೆ ಮಷಿನ್ ಯಾಕೆ?

ಸತ್ಯ: ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ, ಎಲ್ಲಕ್ಕಿಂತ ವ್ಯಾಪಕವಾದದ್ದೂ ಹೌದು. ಮಾರ್ಬಲ್ ಕಟರ್ ಕಲ್ಲನ್ನು ಸವೆಸಲು ಮಾಡಿದ್ದು. ಕಲ್ಲು ಕೊಯ್ಯುವ ಬ್ಲೇಡಿಗೆ ಹಲ್ಲಿಲ್ಲ, ಮರ ಕೊಯ್ಯುವ ಬ್ಲೇಡಿಗೆ ಇದೆ. ನಿಮಿಷಕ್ಕೆ 12,000 ಸುತ್ತು ತಿರುಗುವ 110 ಮಿ.ಮೀ. ಬ್ಲೇಡಿನ ಅಂಚು ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿರುತ್ತದೆ. 5,000 ಸುತ್ತಿನ 165 ಮಿ.ಮೀ. ಬ್ಯಾಟರಿ ಗರಗಸದಲ್ಲಿ ಆ ವೇಗ ಸುಮಾರು 155 ಕಿ.ಮೀ.

ವೇಗಕ್ಕಿಂತ ದೊಡ್ಡ ವ್ಯತ್ಯಾಸ ಗಾರ್ಡಿನದು. ಸರ್ಕ್ಯುಲರ್ ಸಾದಲ್ಲಿ ಬ್ಲೇಡಿನ ಕೆಳಭಾಗ ಮುಚ್ಚುವ ಸ್ಪ್ರಿಂಗ್ ಗಾರ್ಡ್ ಇದೆ. ಮರಕ್ಕೆ ತಾಗಿದಾಗ ಹಿಂದೆ ಸರಿಯುತ್ತದೆ, ಮರ ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ. ಮಾರ್ಬಲ್ ಕಟರ್‌ನಲ್ಲಿ ಹಾಗೆ ಮುಚ್ಚಿಕೊಳ್ಳುವ ಗಾರ್ಡ್ ಇರುವುದಿಲ್ಲ. ಸ್ವಿಚ್ಚನ್ನು ಲಾಕ್ ಮಾಡಿಬಿಟ್ಟರೆ ಬೆರಳು ತೆಗೆದ ಮೇಲೂ ತಿರುಗುತ್ತಲೇ ಇರುವ ಮಷಿನ್‌ಗಳೇ ಹೆಚ್ಚು. ಕೈ ಜಾರಿದರೆ ಅದು ತೊಡೆಯ ಮೇಲೆ ಬೀಳುವಾಗಲೂ ತಿರುಗುತ್ತಿರುತ್ತದೆ. ಮೂವತ್ತು ವರ್ಷ ಅನುಭವವಿರುವ ಆಚಾರ್ರು ಅದರಲ್ಲೇ ಕೆಲಸ ಮಾಡುತ್ತಿರಬಹುದು. ಅದು ಅವರ ಕೈಯ ಪಳಗಿಕೆ, ಮಷಿನ್‌ನ ಗುಣವಲ್ಲ. ಹೊಸಬರು ದಯವಿಟ್ಟು ಆ ದಾರಿ ಹಿಡಿಯಬೇಡಿ. ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕುವುದಂತೂ ಇನ್ನೂ ಕೆಟ್ಟದ್ದು.

ತಪ್ಪು ಕಲ್ಪನೆ: 20 ವೋಲ್ಟಿನದು 18 ವೋಲ್ಟಿನದಕ್ಕಿಂತ ಬಲವಾದದ್ದು.

ಸತ್ಯ: ಎರಡೂ ಒಂದೇ. ಎರಡರಲ್ಲೂ ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್‌ಗಳಿವೆ. ಒಂದು ಸೆಲ್ಲಿನ ಸರಾಸರಿ 3.6 ವೋಲ್ಟ್ ಹಿಡಿದರೆ ಐದಕ್ಕೆ 18. ಚಾರ್ಜ್ ತುಂಬಿದಾಗ ಸೆಲ್ಲಿಗೆ 4 ವೋಲ್ಟ್ ದಾಟುವುದರಿಂದ ಐದಕ್ಕೆ 20. ಒಬ್ಬರು ಸರಾಸರಿ ಬರೆದರು, ಇನ್ನೊಬ್ಬರು ಗರಿಷ್ಠ ಬರೆದರು, ಅಷ್ಟೇ. ಆ ಎರಡು ವೋಲ್ಟಿಗೆ ಹೆಚ್ಚು ಹಣ ಕೊಡಬೇಡಿ.

ತಪ್ಪು ಕಲ್ಪನೆ: ಆಂಪಿಯರ್-ಅವರ್ ಹೆಚ್ಚಿದ್ದರೆ ಹೆಚ್ಚು ಹೊತ್ತು ಓಡುತ್ತದೆ, ಬೇರೇನಿಲ್ಲ.

ಸತ್ಯ: ಹೊತ್ತಿನ ಜೊತೆಗೆ ಬಲವೂ ಬರುತ್ತದೆ. 18 ವೋಲ್ಟಿನ 2 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಐದು ಸೆಲ್‌ಗಳ ಒಂದೇ ಸಾಲು. 4 ಅಥವಾ 5ರದ್ದರಲ್ಲಿ ಎರಡು ಸಾಲು. ಗಾಡಿಗೆ ಒಂಟಿ ಎತ್ತು ಕಟ್ಟುವುದಕ್ಕೂ ಜೋಡಿ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಇದು. ಹಲಸಿನ ಚೇಗಿನಲ್ಲಿ ಗಂಟು ಸಿಕ್ಕಾಗ ಗರಗಸ ಒಮ್ಮೆಗೇ ಹೆಚ್ಚು ಕರೆಂಟ್ ಎಳೆಯುತ್ತದೆ. ಡ್ರಿಲ್ಲಿನ ಜೊತೆ ಬಂದ ಚಿಕ್ಕ ಬ್ಯಾಟರಿ ಅಲ್ಲಿ ಸೋಲುತ್ತದೆ. ಗರಗಸಕ್ಕೆ 4 ಅಥವಾ 5 ಆಂಪಿಯರ್-ಅವರ್‌ನದೇ ತಕ್ಕದ್ದು.

ಲೆಕ್ಕವೂ ತಿಳಿದಿರಲಿ: 18 ವೋಲ್ಟ್, 5 ಆಂಪಿಯರ್-ಅವರ್ ಎಂದರೆ 90 ವಾಟ್-ಅವರ್. ಗರಗಸ 900 ವಾಟ್ ಎಳೆಯುತ್ತಾ ಬಿಡದೆ ಓಡಿದರೆ ಆರೇ ನಿಮಿಷ. ಆದರೆ ಒಂದು ಹಲಗೆ ಅಡ್ಡ ಕೊಯ್ಯಲು ಬೇಕಾಗುವುದು ಕೆಲವೇ ಸೆಕೆಂಡ್. ಹಾಗಾಗಿ ಮನೆಯ ಬೆಂಚಿಗೆ ಅಷ್ಟು ಸಾಕು, ಇಡೀ ಮನೆಯ ಕಿಟಕಿ ಬಾಗಿಲಿಗೆ ಸಾಲದು. ಕೊಳ್ಳುವಾಗ ಹೇಳಿದ ಬೆಲೆ ಬರೀ ಮಷಿನ್ನಿನದೋ, ಬ್ಯಾಟರಿ, ಚಾರ್ಜರ್ ಸೇರಿದ್ದೋ ಕೇಳಿಕೊಳ್ಳಿ. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮಷಿನ್ನಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಮನೆಯಲ್ಲಿ ಆಗಲೇ ಬ್ಯಾಟರಿ ಡ್ರಿಲ್ ಇದ್ದರೆ ಅದೇ ಜಾತಿಯ ಗರಗಸ ನೋಡುವುದು ಜಾಣತನ.

ತಪ್ಪು ಕಲ್ಪನೆ: ಬ್ಲೇಡ್ ದೊಡ್ಡದಿದ್ದಷ್ಟೂ ಒಳ್ಳೆಯದು.

ಸತ್ಯ: 165 ಮಿ.ಮೀ. ಬ್ಲೇಡ್ ನೇರವಾಗಿ ಸುಮಾರು 55 ಮಿ.ಮೀ. ಆಳ ಕೊಯ್ಯುತ್ತದೆ, 185ರದ್ದು ಸುಮಾರು 65. ಪ್ಲೈವುಡ್ 18 ಅಥವಾ 19 ಮಿ.ಮೀ., ಕಪಾಟಿನ ಹಲಗೆ ಒಂದಿಂಚು, ಮಣೆ ಒಂದೂವರೆ ಇಂಚು. ಎಲ್ಲಕ್ಕೂ 165 ಸಾಕು, ತೂಕವೂ ಕಡಿಮೆ. ಚೌಕಟ್ಟಿನ ಮೂರಿಂಚಿನ ತೊಲೆಗಾದರೆ ಎರಡೂ ಒಂದೇ ಪಟ್ಟಿಗೆ ಎಟಕವು. ಮೂಲೆಮಟ್ಟ ಇಟ್ಟು ಸುತ್ತ ಗೆರೆ ಎಳೆದು, ಎರಡು ಮಗ್ಗುಲಿಂದ ಕೊಯ್ಯಬೇಕು. ಇನ್ನು ದಿಮ್ಮಿಯನ್ನು ಸೀಳಿ ಹಲಗೆ ಮಾಡುವುದು ಸಾಮಿಲ್ಲಿನ ಕೆಲಸ. ಅದನ್ನು ಈ ಮಷಿನ್ನಿನಿಂದ ನಿರೀಕ್ಷಿಸಬಾರದು.

ತಪ್ಪು ಕಲ್ಪನೆ: ಹಲ್ಲು ಹೆಚ್ಚಿದ್ದರೆ ಎಲ್ಲಾ ಕೊಯ್ತವೂ ನಯ.

ಸತ್ಯ: ಎಳೆಯ ಉದ್ದಕ್ಕೆ ಸೀಳುವಾಗ ಹೊಟ್ಟು ಹೊರಬರಲು ಹಲ್ಲುಗಳ ನಡುವೆ ಜಾಗ ಬೇಕು, ಅದಕ್ಕೆ 24 ಹಲ್ಲಿನದು. ಪ್ಲೈವುಡ್‌ಗೂ ನಯವಾದ ಅಡ್ಡ ಕೊಯ್ತಕ್ಕೂ 40 ಹಲ್ಲಿನದು. ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲ್ಮುಖದಲ್ಲಿ. ಆದ್ದರಿಂದ ಚಂದದ ಮುಖ ಕೆಳಗಿರಲಿ. ಹಲಸಿನ ಮರ ಪೂರ್ತಿ ಒಣಗಿರದಿದ್ದರೆ ಅದರ ಅಂಟು ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಮೊಂಡಾಯಿತೆಂದು ಎಸೆಯುವ ಮೊದಲು ಬಿಚ್ಚಿ, ಸೋಪಿನ ಬಿಸಿನೀರಿನಲ್ಲಿ ನೆನೆಸಿ, ಉಜ್ಜಿ, ಒರೆಸಿ ನೋಡಿ.

ತಪ್ಪು ಕಲ್ಪನೆ: ಬ್ಯಾಟರಿಯದು ತಾನೇ, ಅಷ್ಟೇನೂ ಅಪಾಯವಿಲ್ಲ.

ಸತ್ಯ: ಕೊಯ್ಯುವಾಗ ಹಲಗೆ ಬಾಗಿ ಬ್ಲೇಡನ್ನು ಕಚ್ಚಿಕೊಂಡರೆ ಗರಗಸ ನಿಮ್ಮ ಕಡೆಗೇ ಹಾರುತ್ತದೆ. ಎರಡು ಸ್ಟೂಲಿನ ನಡುವೆ ಹಲಗೆ ಇಟ್ಟು ಮಧ್ಯದಲ್ಲಿ ಕೊಯ್ಯುವುದೇ ಇದಕ್ಕೆ ದೊಡ್ಡ ಕಾರಣ. ಉಳಿಯಬೇಕಾದ ಭಾಗಕ್ಕೆ ಆಸರೆ ಕೊಟ್ಟು ಬಿಗಿಯಿರಿ, ಬೇಡದ ತುಂಡು ಆಚೆ ಬೀಳಲಿ. ಬ್ಲೇಡ್ ಹಲಗೆಯ ಕೆಳಗೆ ಒಂದು ಹಲ್ಲಿನಷ್ಟು ಇಣುಕಿದರೆ ಸಾಕು. ಗರಗಸದ ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ.

ಬ್ಲೇಡ್ ಮುಟ್ಟುವ ಮೊದಲು ಬ್ಯಾಟರಿ ಕಳಚಿ. ವೈರ್ ಇಲ್ಲದ ಮಷಿನ್‌ನಲ್ಲಿ ಕರೆಂಟ್ ಸದಾ ಒಳಗೇ ಕಾದಿರುತ್ತದೆ. ಸಡಿಲ ಗ್ಲೌಸ್, ಪಂಚೆ, ಟವೆಲ್ ಬೇಡ. ಬ್ಲೇಡ್ ಬಟ್ಟೆಯನ್ನು ಸುತ್ತಿಕೊಂಡು ಕೈಯನ್ನೂ ಎಳೆಯುತ್ತದೆ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಮರದ ದೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಸೇರಿಸಿದೆ.

ತಪ್ಪು ಕಲ್ಪನೆ: ಬ್ಯಾಟರಿ ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು.

ಸತ್ಯ: ಅದು ಹಳೆಯ ನಿಕಲ್-ಕ್ಯಾಡ್ಮಿಯಂ ಕಾಲದ ಮಾತು. ಲಿಥಿಯಂಗೆ ಯಾವಾಗ ಬೇಕಾದರೂ ಚಾರ್ಜ್ ಹಾಕಬಹುದು. ಅದರ ಶತ್ರು ಬಿಸಿ. ಬೇಸಿಗೆಯಲ್ಲಿ ಶೀಟಿನ ಶೆಡ್ಡಿನಲ್ಲೋ ನಿಲ್ಲಿಸಿದ ಕಾರಿನಲ್ಲೋ ಇಡಬೇಡಿ. ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಅರ್ಧ ಚಾರ್ಜಿನಲ್ಲಿ ತಂಪಾದ ಕೋಣೆಯಲ್ಲಿಡಿ.

ಹೀಗಾಗಿ ತುಮಕೂರಿನ ಬಸ್ಸು ಹತ್ತುವ ಮೊದಲು ಅಟ್ಟ ಹತ್ತಿ. ಹಲಗೆ ಇಳಿಸಿ, ಟೇಪ್ ಹಿಡಿದು ದಪ್ಪ ಅಳೆಯಿರಿ, ಎಷ್ಟು ಅಡ್ಡ ಕೊಯ್ತ, ಎಷ್ಟು ಉದ್ದ ಸೀಳು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಮೊದಲು ಆ ಚೀಟಿ ತೋರಿಸಿ. ಆಮೇಲೆ ಮಷಿನ್ ಕೈಗೆ ತೆಗೆದುಕೊಂಡು, ಬ್ಯಾಟರಿ ಕಳಚಿ, ಗಾರ್ಡನ್ನು ಹಿಂದಕ್ಕೆ ಸರಿಸಿ ಬಿಡಿ. ಅದು ಎಲ್ಲೂ ತಡೆಯದೆ ಥಟ್ಟನೆ ಮುಚ್ಚಿಕೊಂಡರೆ ಮಾತ್ರ ಬೆಲೆಯ ಮಾತು ಎತ್ತಿ.